ಬಿಲ್ಬಾವೊ ಅಲ್ಲ, ಭದ್ರಾವತಿ

ಹಾಸ್ಟೆಲ್‌ನಲ್ಲಿ ಯಾರಿಗೂ ಸ್ವಂತ ಹೆಸರು ಉಳಿಯೋದಿಲ್ಲ. ನಮ್ಮಿಬ್ಬರ ಊರು ಸಮೀರವಾಡಿ ಅಂತ ಗೊತ್ತಾದ ಮೊದಲ ವಾರವೇ ನಾವು 'ಸಕ್ರಿ' ಆದೆವು. ಇಬ್ಬರಿಗೂ ಒಂದೇ ಹೆಸರು. ಯಾರನ್ನು ಕರೆದರೂ ಇಬ್ಬರೂ ತಿರುಗಿ ನೋಡುತ್ತೇವೆ. ಎದುರಿನ ಮಂಚದವನು 'ಭದ್ರಾವತಿ'. ಅವನ ನಿಜವಾದ ಹೆಸರು ಹಾಜರಿ ಕರೆಯುವಾಗ ಮಾತ್ರ ನೆನಪಾಗುತ್ತದೆ.

ಮೂರನೇ ಸೆಮ್ ಪರೀಕ್ಷೆಯ ಹಿಂದಿನ ವಾರ, ಓದಬೇಕಾದ ಹೊತ್ತಿನಲ್ಲಿ, ಮೂವರೂ ಒಂದು ವಿಡಿಯೊ ನೋಡುತ್ತಾ ಕೂತಿದ್ದೆವು. ಸ್ಪೇನಿನ ಬಿಲ್ಬಾವೊ ಊರಿನಲ್ಲಿ ಯಾರೋ ಮೂರು ದಿನ ಸುತ್ತಾಡಿದ್ದು. ನೆರ್ವಿಯಾನ್ ನದಿಯ ದಂಡೆಯ ಊರು. ಒಂದು ಕಾಲಕ್ಕೆ ಕಬ್ಬಿಣ, ಉಕ್ಕು, ಹಡಗು ಅಂದರೆ ಬಿಲ್ಬಾವೊ. 1980ರ ದಶಕದಲ್ಲಿ ಹಡಗು ಕಟ್ಟುವ ಜಾಗ ಮುಚ್ಚಿತು, 1996ರಲ್ಲಿ ಅಲ್ಲಿಯ ದೊಡ್ಡ ಉಕ್ಕಿನ ಕಂಪನಿಯೂ ಮುಚ್ಚಿತು. 1997ರಲ್ಲಿ ಫ್ರಾಂಕ್ ಗೆಹ್ರಿ ವಿನ್ಯಾಸ ಮಾಡಿದ ಗುಗೆನ್‌ಹೈಮ್ ಮ್ಯೂಸಿಯಂ ನದಿ ದಂಡೆಯಲ್ಲೇ ಎದ್ದು ನಿಂತಿತು. ಮೈತುಂಬ ಟೈಟಾನಿಯಂ ಹಾಳೆ. ಈಗ ಆ ಊರಿಗೆ ಜನ ಅದನ್ನು ನೋಡೋಕೇ ಹೋಗುತ್ತಾರೆ.

ವಿಡಿಯೊ ಮುಗಿದ ಮೇಲೆ ಭದ್ರಾವತಿ ಅಂದ: "ನಮ್ಮೂರೂ ಹಿಂಗೇ ಕಣ್ರೋ. ನದಿ ಇದೆ, ಉಕ್ಕಿನ ಕಾರ್ಖಾನೆ ಇದೆ, ಮುಚ್ಚೋದೂ ಆಗಿದೆ. ಮ್ಯೂಸಿಯಂ ಒಂದು ಬಂದಿಲ್ಲ ಅಷ್ಟೇ."

ಸ್ಪೇನಿಗೆ ಹೋಗೋಕೆ ದುಡ್ಡಿಲ್ಲ. ಭದ್ರಾವತಿಗೆ ಇತ್ತು. ಪರೀಕ್ಷೆ ಮುಗಿಸಿ ಸಮೀರವಾಡಿಗೆ ಹೋಗಿ ಎರಡು ದಿನ ಮನೆಯವರಿಗೆ ಮುಖ ತೋರಿಸಿ, ಮಹಾಲಿಂಗಪುರದಿಂದ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ರೈಲಿನಲ್ಲಿ ಬೀರೂರು, ಬೀರೂರಿನಲ್ಲಿ ಇನ್ನೊಂದು ರೈಲು ಹಿಡಿದು ತರೀಕೆರೆ ದಾಟಿ ಭದ್ರಾವತಿಯಲ್ಲಿ ಇಳಿದೆವು.

ಸ್ಟೇಷನ್‌ಗೆ ಬಂದಿದ್ದ ಗೆಳೆಯ ನಮ್ಮ ಬ್ಯಾಗು ಇಸಿದುಕೊಳ್ಳುವ ಮೊದಲೇ ಒಂದು ಮಾತು ಹೇಳಿದ. "ನಾನು ಮೆಕ್ಯಾನಿಕಲ್ ಬಿಟ್ಟು ಕಂಪ್ಯೂಟರ್ ಸೈನ್ಸ್‌ಗೆ ಹೋಗಿದ್ದು ಅಪ್ಪ ಅಮ್ಮನಿಗೆ ಗೊತ್ತು. ತಾತಂಗೆ ಗೊತ್ತಿಲ್ಲ. ನೀವು ಬಾಯಿ ಬಿಡಬೇಡಿ."

ನಾವು "ಆತು ತಗೊ" ಅಂದೆವು. ಅಷ್ಟು ಸುಲಭವಾಗಿ ಒಪ್ಪಿಕೊಂಡಿದ್ದು ತಪ್ಪು ಅಂತ ಮೂರನೇ ದಿನ ಗೊತ್ತಾಯಿತು.

*

ಗೊತ್ತಿಲ್ಲದವರಿಗೆ ನಮ್ಮೂರಿನ ಬಗ್ಗೆ ಎರಡು ಮಾತು. ಸಮೀರವಾಡಿ ಬಾಗಲಕೋಟೆ ಜಿಲ್ಲೆಯಲ್ಲಿದೆ. ಊರು ಮೊದಲು, ಫ್ಯಾಕ್ಟರಿ ಆಮೇಲೆ ಅನ್ನೋ ಲೆಕ್ಕ ಇಲ್ಲಿಲ್ಲ. ಗೋದಾವರಿ ಸಕ್ಕರೆ ಕಾರ್ಖಾನೆ ಇದೆ ಅಂತಲೇ ಕಾಲನಿ ಇದೆ, ಶಾಲೆ ಇದೆ, ಅಂಗಡಿ ಇದೆ, ನಾವಿದ್ದೇವೆ. ನವೆಂಬರ್ ಹೊತ್ತಿಗೆ ಕಬ್ಬು ಅರೆಯೋದು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು ಸಾಲುಗಟ್ಟುತ್ತವೆ. ಊರೆಲ್ಲ ಕಾಕಂಬಿ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಮನೆ ಬಂತು ಅನ್ನೋ ಗುರುತು. ಬೇಸಿಗೆ ಬಂತೆಂದರೆ ಸೀಸನ್ ಮುಗಿದು ಎಲ್ಲ ಸುಮ್ಮನಾಗುತ್ತದೆ. ಆ ಸುಮ್ಮನಿರುವಿಕೆ ನಮಗೆ ಹೆದರಿಕೆಯಲ್ಲ. ಶಾಲೆಗೆ ರಜೆ ಇದ್ದ ಹಾಗೆ, ಫ್ಯಾಕ್ಟರಿಗೂ ರಜೆ.

ಈ ಕಣ್ಣಿನಲ್ಲೇ ನಾವು ಮೊದಲ ದಿನ ಭದ್ರಾವತಿ ನೋಡಿದೆವು. ಹಳೇ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ. ಮೂರು ಗರ್ಭಗುಡಿ, ಅಲುಗಾಡದ ಕಲ್ಲು. ಅಲ್ಲಿಂದ ಭದ್ರಾ ಸೇತುವೆ. ಆಮೇಲೆ ನ್ಯೂಟೌನ್. ಅಗಲವಾದ ರಸ್ತೆ, ಎರಡೂ ಬದಿ ದೊಡ್ಡ ಮರ, ಸಾಲು ಸಾಲು ಕ್ವಾರ್ಟರ್ಸ್. ನಮಗೆ ಒಂದು ಕ್ಷಣ ನಮ್ಮ ಕಾಲನಿಗೇ ಬಂದ ಹಾಗಾಯಿತು. ಅದೇ ಅಳತೆಯ ಕಿಟಕಿ, ಬಾಗಿಲ ಮೇಲೆ ಅದೇ ಥರ ಬರೆದ ನಂಬರು. ವ್ಯತ್ಯಾಸ ಅಂದರೆ, ಇಲ್ಲಿ ಕೆಲವು ಮನೆಗಳ ಅಂಗಳದಲ್ಲಿ ತುಳಸಿ, ಬೈಕು, ಒಣಗಲು ಹಾಕಿದ ಬಟ್ಟೆ ಇದ್ದರೆ, ಅದರ ಪಕ್ಕದ ಮನೆಯಲ್ಲಿ ಎದೆಮಟ್ಟ ಬೆಳೆದ ಗಿಡ.

ಕಾರ್ಖಾನೆಯೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ, ಅದು ಸರಿಯೇ. ಗೇಟಿನ ಈಚೆ ನಿಂತು ನೋಡಿದೆವು. "2023ರ ಜನವರಿಯಲ್ಲಿ ಮುಚ್ಚುತ್ತೇವೆ ಅಂದಾಗ ಗುತ್ತಿಗೆ ಕಾರ್ಮಿಕರು ಇಲ್ಲೇ ಧರಣಿ ಕೂತಿದ್ದು" ಅಂತ ಗೆಳೆಯ ತೋರಿಸಿದ. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಶುರುವಾಯಿತು. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ, ಮತ್ತೆ ಬದುಕಿಸುವ ಮಾತಾಡಿ ಹೋದರು. ಅಂದರೆ ಭದ್ರಾವತಿ ಬಿಲ್ಬಾವೊ ಥರ ಪೂರ್ತಿ ಮುಗಿದ ಕಥೆಯಲ್ಲ. ಐಸಿಯುನಲ್ಲಿ ಇರುವವರ ಮನೆಯವರ ಹಾಗೆ ಊರು ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದೆ.

ನಾವು ದೊಡ್ಡ ತಿಳಿದವರ ಹಾಗೆ ಅಂದೆವು: "ನಮ್ಮ ಫ್ಯಾಕ್ಟರಿನೂ ವರ್ಷಾ ಬಂದ್ ಆಗ್ತೈತಿ, ಮತ್ತ ಶುರು ಆಗ್ತೈತಿ. ಇದೂ ಆಗ್ತದ ಬಿಡೋ."

ಗೆಳೆಯ ಏನೂ ಹೇಳಲಿಲ್ಲ.

*

ಎರಡನೇ ದಿನ ಬೆಳಿಗ್ಗೆ ಐದೂವರೆಗೆ ಎಚ್ಚರವಾದಾಗ ತಾತ ಆಗಲೇ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕೂತಿದ್ದರು. ರಿಟೈರ್ ಆಗಿ ಇಪ್ಪತ್ತು ವರ್ಷದ ಹತ್ತಿರ ಬಂತಂತೆ. ಮೊದಲ ಶಿಫ್ಟಿನ ಹೊತ್ತಿಗೆ ಮೈ ತಾನೇ ಏಳುತ್ತದಂತೆ.

"ಬನ್ರಪ್ಪಾ, ಕೂತ್ಕೊಳಿ. ಎಂಜಿನಿಯರಿಂಗ್ ಓದೋರು ಅಲ್ವಾ? ಊದುಕುಲುಮೆ ಹೆಂಗೆ ಕೆಲಸ ಮಾಡುತ್ತೆ, ಹೇಳಿ ನೋಡೋಣ."

ಊದುಕುಲುಮೆ ಅಂದರೇನು ಅಂತಲೇ ನಮಗೆ ಹೊಳೆಯಲಿಲ್ಲ. ಗೆಳೆಯ ಒಳಗಿನಿಂದ "ಬ್ಲಾಸ್ಟ್ ಫರ್ನೆಸ್ ಕಣ್ರೋ" ಅಂತ ಕೂಗಿದ. ಹತ್ತನೇ ಕ್ಲಾಸಿನಲ್ಲಿ ಆ ಚಿತ್ರ ಬಿಡಿಸಿ ಐದಕ್ಕೆ ಐದು ಮಾರ್ಕ್ಸ್ ತೆಗೆದುಕೊಂಡವರು ನಾವು. ಬಾಯಿ ತೆರೆದರೆ ಬರೀ ಇಂಗ್ಲಿಷ್ ಪದ. ನಡುವೆ 'ಮತ್ತು', 'ಆಮೇಲೆ' ಮಾತ್ರ ಕನ್ನಡ. ಸಮೀಕರಣ ಗೊತ್ತು, ಅದನ್ನು ಒಬ್ಬ ಅಜ್ಜನಿಗೆ ಹೇಳೋಕೆ ಬರೋದಿಲ್ಲ. ಅವತ್ತಿನ ನಾಚಿಕೆಯನ್ನು ಇಲ್ಲಿ ಬರೆದುಕೊಳ್ಳಲೇಬೇಕು, ಯಾಕೆಂದರೆ ಇದನ್ನು ಓದುವವರಲ್ಲಿ ಅರ್ಧ ಜನ ನಮ್ಮ ಥರದವರೇ.

ಅಜ್ಜ ನಕ್ಕು, ತಾವೇ ಹೇಳಿದರು. ಮೇಲಿನಿಂದ ಅದಿರು, ಇದ್ದಿಲು, ಸುಣ್ಣದಕಲ್ಲು ಸುರಿಯೋದು. ಕೆಳಗಿನಿಂದ ಬಿಸಿಗಾಳಿ ಊದೋದು. ಇದ್ದಿಲು ಉರಿದು ಬರುವ ಅನಿಲ ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತುಕೊಳ್ಳುತ್ತೆ. ಉಳಿದ ಕಬ್ಬಿಣ ಕರಗಿ ತಳಕ್ಕೆ ಇಳಿಯುತ್ತೆ. ಸುಣ್ಣ ಕಸವನ್ನೆಲ್ಲ ಹಿಡಿದುಕೊಂಡು ಅದರ ಮೇಲೆ ತೇಲುತ್ತೆ. ತಳದ್ದು ಬೀಡು ಕಬ್ಬಿಣ, ಮೇಲಿನದು ಕಿಟ್ಟ. 'ಕಿಟ್ಟ' ಅನ್ನೋ ಪದ ನಮಗೆ ಆ ಬೆಳಿಗ್ಗೆ ಸಿಕ್ಕಿದ್ದು.

"ಕಲ್ಲಿದ್ದಲು ಬಿಟ್ಟು ಇದ್ದಿಲು ಯಾಕಜ್ಜಾ?"

"ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಎಲ್ಲಿತ್ತು? ಕಾಡಿತ್ತು."

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರಲ್ಲಿ ಈ ಕೆಲಸ ಕೈಗೆತ್ತಿಕೊಂಡದ್ದು. ಕಬ್ಬಿಣ ಹೊರಬಂದದ್ದು 1923ರಲ್ಲಿ. ಊರಿಗೆ ಮೊದಲು ಬೆಂಕಿಪುರ ಅನ್ನೋ ಹೆಸರಿತ್ತು ಅಂತ ಕೇಳಿ ನಾವು ನಂಬಲೇ ಇಲ್ಲ, ಆಮೇಲೆ ನೋಡಿದರೆ ನಿಜ. ಕೆಮ್ಮಣ್ಣುಗುಂಡಿಯ ಗುಡ್ಡದಿಂದ ಅದಿರನ್ನು ರೋಪ್‌ವೇಯಲ್ಲಿ ಕೆಳಗಿಳಿಸಿ ತರುತ್ತಿದ್ದರು. ನಾವೆಲ್ಲ ಟ್ರೆಕ್ಕಿಂಗ್ ಫೋಟೊ ಹಾಕುವ ಕೆಮ್ಮಣ್ಣುಗುಂಡಿ, ಅದೇ. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆ ಮರದ ಬಟ್ಟಿ ಇಳಿಸುವಿಕೆಯೂ ಇತ್ತು. ಗಾಳಿ ಇಲ್ಲದೆ ಮರವನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತೆ. ಹೊರಟ ಆವಿಯನ್ನು ತಣಿಸಿದರೆ ಟಾರು, ಅಸಿಟಿಕ್ ಆಮ್ಲ, ಮರದ ಮದ್ಯಸಾರ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ಕಬ್ಬಿನ ರಸ ಸಕ್ಕರೆಗೆ, ಸಿಪ್ಪೆ ಬಾಯ್ಲರಿಗೆ ಹೋಗಿ ಕರೆಂಟು, ಕಾಕಂಬಿಯಿಂದ ಎಥೆನಾಲ್. ಇದನ್ನು ಕಾಲೇಜಿನ ಸೆಮಿನಾರಿನಲ್ಲಿ ಹೊಸ ಯುಗದ ಐಡಿಯಾ ಅಂತ ಹೇಳಿದ್ದೆವು. ನೂರು ವರ್ಷದ ಹಿಂದೆ ಬೆಂಕಿಪುರದಲ್ಲಿ ಇನ್ನೊಂದು ರೂಪದಲ್ಲಿ ಇದನ್ನೇ ಮಾಡಿದ್ದರು.

ಅಜ್ಜ ವಿಶ್ವೇಶ್ವರಯ್ಯನವರ ಬಗ್ಗೆ ಹೇಳಿದ ಇನ್ನೊಂದು ಮಾತು. ದಿವಾನಗಿರಿ ಬಿಟ್ಟ ಮೇಲೂ 1923ರಿಂದ 1929ರ ತನಕ ಈ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಆ ದುಡಿಮೆಯ ಬಾಬ್ತು ತಮಗೆ ಬರಬೇಕಿದ್ದ ಹಣವನ್ನು ವೃತ್ತಿಶಿಕ್ಷಣದ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಎಸ್‌ಜೆಪಿ ಅಂತ ನಾವು ಕರೆಯೋದು ಅದನ್ನೇ. ಸೆಪ್ಟೆಂಬರ್ 15ಕ್ಕೆ ಕೇಕ್ ಕತ್ತರಿಸಿ ಸ್ಟೇಟಸ್ ಹಾಕುವ ನಮಗೆ ಇದು ಯಾರೂ ಹೇಳಿರಲಿಲ್ಲ.

ಕೊನೆಗೆ ನಾವು ನಿನ್ನೆಯ ಮಾತನ್ನು ಮತ್ತೆ ತೆಗೆದೆವು. "ಮತ್ತ ಶುರು ಮಾಡಬಹುದಲ್ಲಜ್ಜಾ? ನಮ್ಮ ಸಕ್ಕರಿ ಫ್ಯಾಕ್ಟರಿ ಮಾಡ್ತಾರಲ್ಲ, ಹಂಗ."

"ಸಕ್ಕರೆ ಬೇರೆ, ಇದು ಬೇರೆ ಮಗಾ. ಊದುಕುಲುಮೆ ಒಂದ್ಸಲ ಹಚ್ಚಿದ್ರೆ ಹಗಲೂ ರಾತ್ರಿ ವರ್ಷಗಟ್ಟಲೆ ಉರೀಬೇಕು. ಹಬ್ಬ ಇಲ್ಲ, ಸಾವು ಇಲ್ಲ. ಸರಿಯಾಗಿ ಖಾಲಿ ಮಾಡದೆ ಆರಿಸಿದ್ರೆ ಒಳಗಿರೋ ಕಬ್ಬಿಣ ಅಲ್ಲೇ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಅದನ್ನ ಒಡೆದು ತೆಗೀಬೇಕು."

ನಮ್ಮೂರಿನ ಮೌನ ಒಂದು ಋತು. ಇವರ ಊರಿನ ಮೌನಕ್ಕೆ ಕ್ಯಾಲೆಂಡರ್ ಇಲ್ಲ. ಗೇಟಿನ ಮುಂದೆ ಗೆಳೆಯ ಯಾಕೆ ಸುಮ್ಮನಿದ್ದ ಅಂತ ಆಗ ಗೊತ್ತಾಯಿತು.

*

ಮೂರನೇ ದಿನ ಪೇಪರ್‌ಟೌನ್. ಅಜ್ಜಿ ಮಾಡಿದ ಅಕ್ಕಿರೊಟ್ಟಿ ತಿಂದು ಹೊರಟೆವು. (ಅಕ್ಕಿದೂ ರೊಟ್ಟಿನಾ ಅಂತ ಕೇಳಿ ಬೈಸಿಕೊಂಡೆವು. ಎಂಟು ತಿಂದ ಮೇಲೆ ಒಪ್ಪಿಕೊಂಡೆವು.) ದಾರಿಯಲ್ಲಿ ಗೆಳೆಯ ಊರಿನ ಹೆಮ್ಮೆಗಳ ಪಟ್ಟಿ ಕೊಟ್ಟ: ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಇಲ್ಲಿ, ನಟ ದೊಡ್ಡಣ್ಣ ಸಿನಿಮಾಕ್ಕೆ ಹೋಗುವ ಮೊದಲು ಈ ಉಕ್ಕಿನ ಕಾರ್ಖಾನೆಯಲ್ಲೇ ಕೆಲಸ ಮಾಡಿದ್ದು. ಕೆಲಸಕ್ಕೆ ಅಂತ ಎಲ್ಲೆಲ್ಲಿಂದಲೋ ಬಂದವರ ಊರು, ಹಾಗಾಗಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಕೇಳುತ್ತೆ.

ಮೈಸೂರು ಪೇಪರ್ ಮಿಲ್ಸ್, ಎಂಪಿಎಂ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. 1936ರಲ್ಲಿ ಕಂಪನಿಯಾಗಿ ಹುಟ್ಟಿತು. ಆಮೇಲೆ 1980ರ ದಶಕದಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಮಾಡಿತು. ನಮ್ಮ ಮನೆಗಳಲ್ಲಿ ಅಪ್ಪ ಓದಿ ಮಡಚಿಟ್ಟ ಎಷ್ಟೋ ಪೇಪರಿನ ಹಾಳೆ ಇಲ್ಲಿಂದ ಹೋಗಿರಬಹುದು. 2015-16ರ ಹೊತ್ತಿಗೆ ಉತ್ಪಾದನೆ ನಿಂತಿತು. ಗೇಟಿನ ಹತ್ತಿರ ಟೀ ಕುಡಿಯುತ್ತಾ ಇದನ್ನೆಲ್ಲ ಕೇಳುತ್ತಿದ್ದೆವು. ಅಷ್ಟರಲ್ಲಿ ಟೀ ಅಂಗಡಿಯವರು ನಮ್ಮ ಮಾತಿನ ಧಾಟಿ ಕೇಳಿ, ಯಾವ ಊರು ಅಂದರು. ಸಮೀರವಾಡಿ, ಸಕ್ಕರೆ ಫ್ಯಾಕ್ಟರಿ ಇರೋ ಊರು ಅಂದೆವು.

"ಓ, ಇಲ್ಲೂ ಇತ್ತಲ್ಲ ಸಕ್ಕರೆ ಫ್ಯಾಕ್ಟರಿ. ಎಂಪಿಎಂದೇ."

ನಮಗೆ ಟೀ ಗಂಟಲಲ್ಲೇ ನಿಂತಿತು. ಕಾಗದದ ಗಿರಣಿಗೆ ಸೇರಿದ ಸಕ್ಕರೆ ಕಾರ್ಖಾನೆ. ಕಬ್ಬು ಅರೆದು ಸಕ್ಕರೆ, ಉಳಿದ ಸಿಪ್ಪೆಯಿಂದ ಕಾಗದದ ತಿರುಳು. ಸುತ್ತಲಿನ ರೈತರು ಕಬ್ಬು ಬೆಳೆದು ಇಲ್ಲಿಗೆ ತರುತ್ತಿದ್ದರು. ಇಲ್ಲೂ ಸೀಸನ್ ಇತ್ತು, ಸಾಲುಗಟ್ಟಿದ ಗಾಡಿ ಇತ್ತು. ಒಂದು ವರ್ಷ ಸೀಸನ್ ಮುಗಿಯಿತು, ಮುಂದಿನ ಸೀಸನ್ ಬರಲಿಲ್ಲ.

"ಈಗ ಕಬ್ಬು?"

"ಕಬ್ಬೆಲ್ಲಿ? ಎಲ್ಲ ಅಡಿಕೆ."

ಹೌದು, ಗೆಳೆಯನ ಅಪ್ಪನ ವರ್ಕ್‌ಶಾಪ್‌ನಲ್ಲಿ ರಿಪೇರಿಗೆ ಬಂದು ನಿಂತಿದ್ದೆಲ್ಲ ಅಡಿಕೆ ಸುಲಿಯುವ ಮೆಷೀನು. ಅದನ್ನು ಎರಡು ದಿನದಿಂದ ನೋಡುತ್ತಿದ್ದೆವು, ಅರ್ಥ ಮಾಡಿಕೊಂಡಿರಲಿಲ್ಲ. 'ಸಕ್ಕರೆ ಬೇರೆ, ಇದು ಬೇರೆ' ಅನ್ನೋ ಅಜ್ಜನ ಮಾತಿನಲ್ಲಿ ನಮಗೆ ಒಳಗೊಳಗೇ ಒಂದು ಸಮಾಧಾನ ಇತ್ತಲ್ಲ, ಅದು ಆ ಟೀ ಅಂಗಡಿಯಲ್ಲಿ ಹೋಯಿತು.

*

ಅವತ್ತು ರಾತ್ರಿ ಊಟಕ್ಕೆ ಕೂತಾಗ ತಾತ ಮೊಮ್ಮಗನನ್ನು ಕೇಳಿದರು. "ಲೋ, ಕಬ್ಬಿಣದಲ್ಲಿ ಇಂಗಾಲ ಎಷ್ಟರ ತನಕ ಇದ್ರೆ ಉಕ್ಕು ಅಂತಾರೆ?"

ನಮ್ಮಿಬ್ಬರಲ್ಲಿ ಒಬ್ಬ ಮೆಕ್ಯಾನಿಕಲ್, ಇನ್ನೊಬ್ಬ ಎಲೆಕ್ಟ್ರಿಕಲ್. ಪರೀಕ್ಷೆ ಮುಗಿದು ಎರಡು ವಾರ ಕೂಡ ಆಗಿರಲಿಲ್ಲ. ಮೆಕ್ಯಾನಿಕಲ್ ಸಕ್ರಿಯ ಬಾಯಿ ತಡೆಯಲಿಲ್ಲ. "ಸುಮಾರು ಎರಡು ಪರ್ಸೆಂಟ್ ತನಕ, ಅಜ್ಜಾ. ಅದಕ್ಕಿಂತ ಹೆಚ್ಚಿದ್ರೆ ಬೀಡು ಕಬ್ಬಿಣ."

"ಶಾಬಾಷ್" ಅಂದರು ಅಜ್ಜ. ಮೊಮ್ಮಗನ ಕಡೆ ತಿರುಗಿದರು. "ನಿಂಗೆ ಗೊತ್ತಿರ್ಲಿಲ್ವಾ? ಇಬ್ರೂ ಒಂದೇ ಕ್ಲಾಸಲ್ವೇನೋ?"

ಯಾರೂ ಮಾತಾಡಲಿಲ್ಲ. ನಾವು ತಟ್ಟೆ ನೋಡುತ್ತಾ ಕೂತೆವು. ಗೆಳೆಯ ನಿಧಾನಕ್ಕೆ ಹೇಳಿದ. "ಇಲ್ಲ ತಾತ. ನಾನು ಕಂಪ್ಯೂಟರ್ ಸೈನ್ಸ್‌ಗೆ ಹೋದೆ. ಆರು ತಿಂಗಳಾಯ್ತು."

ಅಜ್ಜ ಊಟ ಮುಗಿಸಿ, ಕೈ ತೊಳೆದು, ಜಗುಲಿಗೆ ಹೋಗಿ ಕೂತರು. ಅರ್ಧ ಗಂಟೆ ಮನೆಯಲ್ಲಿ ಪಾತ್ರೆಯ ಸದ್ದು ಮಾತ್ರ. ಆಮೇಲೆ ನಮ್ಮ ಮೂವರನ್ನೂ ಕರೆದರು.

"ಹತ್ತೊಂಬತ್ತು ವರ್ಷಕ್ಕೆ ನಾನು ಗದ್ದೆ ಬಿಟ್ಟು ಇಲ್ಲಿಗೆ ಬಂದೆ. ನಮ್ಮಪ್ಪ ಬೇಡ ಅಂದ್ರು. ಕಬ್ಬಿಣ ತಿಂತೀಯೇನೋ ಅಂದ್ರು. ಆದ್ರೂ ಬಂದೆ. ಆದ್ರೆ ಹೇಳಿ ಬಂದೆ. ಅವರ ಎದುರಿಗೆ ನಿಂತು, ಬೈಸಿಕೊಂಡು, ಹೇಳಿ ಬಂದೆ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದರು: "ನೀನು ಯಾವುದಾದ್ರೂ ಓದು. ಈ ಊರಲ್ಲಿ ಕುಲುಮೆ ಹಚ್ಚೋದು ನಿನ್ನ ಕೈಲಿಲ್ಲ, ನಂಗೂ ಗೊತ್ತು. ಮೂರು ದಿನದಿಂದ ಪಾಠ ಮಾಡ್ತಿದ್ನಲ್ಲ, ಮೂರು ಜನ ಸೇರಿ ಮುದುಕನ್ನ ಆಟ ಆಡಿಸಿದ್ರಲ್ಲ, ಅದು ಬೇಜಾರು."

ನಾವು ಅಜ್ಜನ ಕಾಲು ಮುಟ್ಟಿದೆವು. ಸಿನಿಮಾದ ಹಾಗೆ ಅವರು ಎತ್ತಿ ಅಪ್ಪಿಕೊಳ್ಳಲಿಲ್ಲ. "ಹೋಗಿ ಮಲ್ಕೊಳಿ, ಬೆಳಿಗ್ಗೆ ರೈಲಿದೆ" ಅಂದರು, ಅಷ್ಟೇ. ಬೆಳಿಗ್ಗೆ ಐದೂವರೆಗೆ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ಗೇಟಿನ ತನಕ ಬಂದರು.

*

ಸಮೀರವಾಡಿಗೆ ವಾಪಸ್ ಬಂದಾಗ ಸೀಸನ್ನಿನ ಕೊನೆಯ ಟ್ರ್ಯಾಕ್ಟರ್‌ಗಳು. ಹಾಡು ಇತ್ತು, ಸಾಲು ಸಣ್ಣದಾಗಿತ್ತು. ಕಾಕಂಬಿ ವಾಸನೆಗೆ ಮೊದಲ ಸಲ ನಿಂತು ಉಸಿರು ಎಳೆದುಕೊಂಡೆವು. ರಾತ್ರಿ ಊಟದ ಹೊತ್ತಿಗೆ ಅಪ್ಪನನ್ನು ಕೇಳಿದೆವು. "ಅಪ್ಪಾ, ನಮ್ಮ ಫ್ಯಾಕ್ಟರಿ ಬಂದ್ ಆದ್ರ ಏನ್ ಮಾಡೂದು?"

"ಆಗ್ತೈತಲ್ಲೋ ಇನ್ನೊಂದ್ ಸ್ವಲ್ಪ ದಿನಕ್ಕ. ನವೆಂಬರ್‌ಕ್ಕ ಮತ್ತ ಚಾಲೂ."

"ಹಂಗಲ್ಲಪ್ಪಾ. ನವೆಂಬರ್‌ಕ್ಕ ಚಾಲೂ ಆಗಲಿಲ್ಲಂದ್ರ?"

ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಿದರು. "ಕೆನಾಲಿಗೆ ನೀರು ಬರೂತನಾ ಕಬ್ಬು. ಕಬ್ಬು ಇರೂತನಾ ಫ್ಯಾಕ್ಟರಿ. ಫ್ಯಾಕ್ಟರಿ ಇರೂತನಾ ಈ ಮನಿ. ರಿಟೈರ್ ಆದಮ್ಯಾಲ ಹೆಂಗೂ ಮನಿ ಬಿಡಬೇಕು. ಅದಕ್ಕ ನಿಮಗ ಓದಸಾಕತ್ತೀವಿ. ಉಣ್ಣ, ಆರತೈತಿ."

ಹತ್ತೊಂಬತ್ತು ವರ್ಷ ಇದ್ದ ಮನೆ ನಮ್ಮದಲ್ಲ ಅಂತ ಗೊತ್ತಿರಲಿಲ್ಲ ಅಂತೇನಲ್ಲ. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ. ಭದ್ರಾವತಿಯ ಕುಲುಮೆಗೂ ಹೀಗೇ ಒಂದು ಸರಪಳಿ ಇತ್ತು: ಕಾಡು, ಗುಡ್ಡದ ಅದಿರು, ನದಿ. ಸ್ವಂತ ಗಣಿ ಇಲ್ಲದ್ದೇ ಪೆಟ್ಟಾಯಿತು ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಕೊನೆಯ ಕೊಂಡಿಯಲ್ಲಿರುವ ಕಿಟಕಿ, ತುಳಸಿ, ಬಾಗಿಲ ನಂಬರು ಎಲ್ಲ ಅಲುಗಾಡುತ್ತವೆ. ಬಿಲ್ಬಾವೊ ವಿಡಿಯೊದಲ್ಲಿ ಹೊಳೆಯುವ ಮ್ಯೂಸಿಯಂ ಇತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಕೂರುವ ತಾತ ಯಾರೂ ಇರಲಿಲ್ಲ. ಅಲ್ಲೂ ಇದ್ದೇ ಇರುತ್ತಾರೆ, ಕ್ಯಾಮೆರಾ ಆ ಕಡೆ ತಿರುಗಿರಲಿಕ್ಕಿಲ್ಲ.

ಮೊನ್ನೆ ರಾತ್ರಿ ಭದ್ರಾವತಿ ನಮ್ಮ ಮಂಚದ ಹತ್ತಿರ ಬಂದ. ಈಗ ವಾರಕ್ಕೊಮ್ಮೆ ತಾತನಿಗೆ ಫೋನ್ ಮಾಡಿ ಕ್ಲಾಸಿನಲ್ಲಿ ಏನು ಕಲಿತೆ ಅಂತ ಹೇಳಬೇಕಂತೆ, ಕನ್ನಡದಲ್ಲಿ. ಅದು ಅವರು ಹಾಕಿದ ದಂಡ.

"ಅಲ್ಗಾರಿದಮ್‌ಗೆ ಕ್ರಮವಿಧಿ ಅಂತ ಸಿಕ್ತು ಕಣ್ರೋ. ಹೇಳಿದೆ, ಅಡುಗೆ ಮಾಡೋ ವಿಧಾನದ ಥರಾನಾ ಅಂದ್ರು, ಹೌದು ಅಂದೆ. ಈ ವಾರ ಲೂಪ್. ಲೂಪ್‌ಗೆ ಏನಂತಾರೆ?"

ನಮಗೂ ಗೊತ್ತಿಲ್ಲ. ಹಗಲೂ ರಾತ್ರಿ ನಿಲ್ಲದೆ ಅದನ್ನೇ ಮತ್ತೆ ಮತ್ತೆ ಮಾಡೋದು, ಊದುಕುಲುಮೆ ಥರ ಅಂತ ಹೇಳು ಅಂದೆವು. ಅವನು ಸ್ವಲ್ಪ ಯೋಚಿಸಿ, "ಬೇಡ, ತಾತಂಗೆ ಬೇಜಾರಾಗುತ್ತೆ. ಮೂರು ಶಿಫ್ಟ್ ಥರ ಅಂತೀನಿ" ಅಂದ.

ನಿಮಗ್ಯಾರಿಗಾದರೂ ಒಳ್ಳೆಯ ಪದ ಗೊತ್ತಿದ್ದರೆ ಭಾನುವಾರದೊಳಗೆ ನಮ್ಮ ರೂಮಿಗೆ ಬಂದು ಹೇಳಿ. ತಾತ ಕಾಯುತ್ತಿರುತ್ತಾರೆ.